ಗೀರು

ಪೆಟ್ಟಿಗೆ ಬಂದದ್ದು ಮಂಗಳವಾರ, ತಮ್ಮ ಹಾಲಿಸ್ ಕಳಿಸಿದ್ದು.
ಮೇಲೊಂದು ಬಂಗಾರದ ಚೀಟಿ:
ಮೂಲ ಟೇಪಿನಿಂದ ಹೊಸದಾಗಿ ತೊಳೆದ ಸದ್ದು,
ಐವತ್ತನೇ ವರ್ಷ, ಹೊಳೆವ ಪುಸ್ತಿಕೆ,
ಎಂದೂ ಹೊರಬರದ ಮೂರು ಹಾಡು.
ಅದೇ ಕ್ಲೀವನ್ ಸ್ಟ್ರೌಡ್, ಅದೇ ಬೇಲಿ, ಅದೇ ಹ್ಯಾಟು.
ನಮ್ಮ ಹಳೆಯದರಲ್ಲಿ ಅವನ ಎಡಗೆನ್ನೆಗೆ
ಕಾಫಿ ಲೋಟದ ಉಂಗುರವಿತ್ತು.
ಇಲ್ಲಿ ಕೆನ್ನೆ ಬರೀ ಕೆನ್ನೆ.
ಗುರುತು ಹಿಡಿಯಲು ಕೊಂಚ ಹೊತ್ತಾಯಿತು.

ಕ್ಲಿಂಚ್ ನದಿಯ ಈ ದಡದಲ್ಲಿ, ಆ ತಗಡಿನ ಮನೆಯಲ್ಲಿ
ಒಂಬತ್ತು ರೆಕಾರ್ಡು ನಮ್ಮವು.
ಎರಡು ಕ್ರಿಸ್ಮಸ್ಸಿನವು,
ಒಂದು ಬಿಸಿಲಿಗೆ ಬಾಗಿ ಬಟ್ಟಲಾಗಿತ್ತು,
ಹಾಲಿಸ್ ಅದರಲ್ಲಿ ಗೋಲಿ ಇಡುತ್ತಿದ್ದ.
ತಿರುಗುತ್ತಿದ್ದದ್ದು ಇದೊಂದೇ.

ಅಪ್ಪ ಹದಿನೆಂಟು ಗಾಲಿಯ ಲಾರಿಯವನು.
ಸೋಮವಾರ ಹೋದರೆ ಶುಕ್ರವಾರ ಬಂದ,
ಡೀಸೆಲ್ ವಾಸನೆ, ಜೇಬಿನಲ್ಲಿ ಯಾವುದೋ ಊರಿನ ಬೆಂಕಿಪೊಟ್ಟಣ.
ಒಂದು ಸಲ ಮಾತ್ರ ತುಲ್ಸಾದಲ್ಲಿ
ಹನ್ನೊಂದು ಶುಕ್ರವಾರ ಉಳಿದುಬಿಟ್ಟ.
ಲಾರಿ ಕೆಟ್ಟಿದೆ ಅಂದಳು ಅಮ್ಮ.
ಯಾವ ಲಾರಿ ಅಷ್ಟು ದಿನ ಕೆಡುತ್ತದೆ ಎಂದು
ಕೇಳುವ ವಯಸ್ಸು ನನಗೆ ಆಗಿತ್ತು. ಕೇಳಲಿಲ್ಲ.

ಆ ಚಳಿಗಾಲ, ಎರಡನೇ ಮೈಯ ಮೂರನೇ ಹಾಡಿನಲ್ಲಿ
ಗೀರು ಬಿತ್ತು.
'ದೀಪ ಆರಿಸಬೇಡ, ಮರಳಿ ಬರುತ್ತೇನೆ'
ಅನ್ನುವಲ್ಲಿಗೆ ಮುಳ್ಳು ಸಿಕ್ಕಿಕೊಂಡು
ಬರುತ್ತೇನೆ, ಟಕ್, ಬರುತ್ತೇನೆ, ಟಕ್, ಬರುತ್ತೇನೆ.
ಕಾಲುಚೀಲದ ಕಾರ್ಖಾನೆಯಿಂದ ಬಂದು
ಕೋಟು ಕೂಡ ಬಿಚ್ಚದೆ ಅಮ್ಮ ನಿಂತೇ ಕೇಳುವಳು.
ನಿಮಿಷಕ್ಕೆ ಮೂವತ್ತಮೂರು ಸಲ ಬರುತ್ತಿದ್ದ ಆತ.
ಹಾಲಿಸ್ ಹಾಸಿಗೆಯಲ್ಲಿ ಎಣಿಸುತ್ತಾ ನಿದ್ದೆ ಹೋಗುತ್ತಿದ್ದ.
ಆಮೇಲೆ ಕಿರುಬೆರಳಿನಿಂದ ಮೆಲ್ಲಗೆ ತಳ್ಳಿದರೆ
ಸೀದಾ ಪಿಟೀಲು.
ಹಾಡು ಹಾಗೇ ಇರುವುದು ಎಂದೇ ತಿಳಿದಿದ್ದೆವು.
ಶಾಲೆಯಲ್ಲಿ ಹಾಡಿದಾಗ ಟಕ್ ಕೂಡ ಹಾಡಿ
ನಗೆಪಾಟಲಾದೆ.

ಅಪ್ಪ ಬಂದ. ಒಂದು ಸಲ ಕೇಳಿದ.
ಯಂತ್ರ ಆರಿಸಿ, ಹೊರಗೆ ಹೋಗಿ,
ಕತ್ತಲೆಯಾಗುವ ತನಕ ಸೌದೆ ಒಡೆದ.

ಈಗ ಹೊಸದು ತಿರುಗುತ್ತಿದೆ.
ಎದುರಿನ ಟ್ರೇಲರಿನಿಂದ ಅಮ್ಮನನ್ನು ಕರೆತಂದಿದ್ದೇನೆ,
ಇಸ್ಪೀಟಿನ ಆಟ ಅರ್ಧಕ್ಕೆ ಬಿಡಿಸಿದ್ದಕ್ಕೆ ಸಿಡುಕು.
ಏನು ಸದ್ದು! ಸ್ಟೀಲ್ ಗಿಟಾರಿನ ಹಿಂದೆ
ಯಾರೋ ಕುರ್ಚಿ ಎಳೆದದ್ದು,
ಸ್ಟ್ರೌಡ್ ಉಗುಳು ನುಂಗಿದ್ದು,
ಎಲ್ಲ ನಮ್ಮ ಕೋಣೆಯಲ್ಲೇ ಆದಂತೆ.
ನನ್ನ ಮೈ ಆ ಟಕ್ಕಿಗೆ ಕಾಯುತ್ತಿದೆ,
ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಡುವ ಹಾಗೆ.

'ಮರಳಿ ಬರುತ್ತೇನೆ
ಎಂದಿದ್ದೆ ನಿನಗೆ.
ಅನ್ನುವಾಗಲೇ ಗೊತ್ತಿತ್ತು, ಸುಳ್ಳು.'

ಐವತ್ತು ವರ್ಷ ಒಂದು 'ಎಂದಿದ್ದೆ' ಇಲ್ಲದೆ ಬದುಕಿದ್ದೇವೆ.

ಹಳೆಯ ತಟ್ಟೆ ಕಪಾಟಿನಲ್ಲೇ ಇತ್ತು. ತೆಗೆದು
ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ.
ಬಿದ್ದು ಆದ ಗೀರು ಹೀಗಿರುವುದಿಲ್ಲ.
ಕೂದಲಿಗಿಂತ ಸಣ್ಣ, ನೇರ, ಒಂದೂವರೆ ಅಂಗುಲ,
ಶುರುವೂ ಕೊನೆಯೂ ಗೊತ್ತಿದ್ದ ಕೈ,
ಕಾಲುಚೀಲದ ಹಿಮ್ಮಡಿಗೆ
ದಿನಕ್ಕೆ ಮುನ್ನೂರು ಹೊಲಿಗೆ ಹಾಕುತ್ತಿದ್ದ ಕೈ.

ತಿರುಗಿ ನೋಡಿದೆ.
ಅಮ್ಮನ ಕಿರುಬೆರಳು ಮಡಿಲಿನಿಂದ ಮೇಲೆದ್ದು
ಗಾಳಿಯಲ್ಲಿ ನಿಂತಿತ್ತು, ತಳ್ಳಲು ಏನೂ ಇಲ್ಲದೆ.
'ಸೂಜಿ ಬದಲಾಯಿಸಿದೆಯಾ?' ಎಂದಳು.
ಯಾವ ಸೂಜಿ, ಅಮ್ಮ?
ಅವಳು ಪಿಟೀಲು ಮುಗಿಯುವವರೆಗೆ ಸುಮ್ಮನಿದ್ದಳು.
ಆಮೇಲೆ,
'ಈ ಪಿಟೀಲಿನವ ಶ್ರುತಿ ತಪ್ಪುತ್ತಾನೆ,
ಆಗ ಗೊತ್ತಾಗುತ್ತಿರಲಿಲ್ಲ,
ಹಳೆಯದನ್ನೇ ಹಾಕು.'